ಮಿಲಾನಿಗೆ ಹೋದ ಪಿಸ್ಟನ್

ಬೆಟಗೇರಿ

ಇಟಲಿಯಿಂದ ಬಂದಾಗಿನಿಂದ ಓಣಿಯವರು ನನ್ನನ್ನು ನಿಲ್ಲಿಸಿ ಅಲ್ಲಿ ಏನೇನು ನೋಡಿದಿ ಎಂದು ಕೇಳುತ್ತಾರೆ. ವಾಲಿದ ಗೋಪುರ ನೋಡಿದೆಯಾ ಎನ್ನುತ್ತಾರೆ. ನೋಡಲಿಲ್ಲ. ನೀರಿನ ಮೇಲೆ ಕಟ್ಟಿದ ಊರು? ಅದೂ ಇಲ್ಲ. ಹದಿಮೂರು ದಿನ ಅಲ್ಲಿದ್ದು ನಾನು ಕಂಡದ್ದು ಒಂದು ದೊಡ್ಡ ಪ್ರದರ್ಶನದ ಕಟ್ಟಡ, ಮಲಗುವ ಕೋಣೆ, ಅವೆರಡರ ನಡುವಿನ ರಸ್ತೆ, ಒಂದು ಸ್ಕೂಟರ್ ರಿಪೇರಿ ಅಂಗಡಿ. ಬರೆಯುವುದಾದರೆ ಆ ಅಂಗಡಿಯ ಬಗ್ಗೆ ಬರೆಯಬೇಕು. ಅದಕ್ಕೂ ಮೊದಲು ಅಣ್ಣನ ಬಗ್ಗೆ.

ನಾವು ನೇಕಾರರು. ಮನೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತೇವೆ. ನಾನು ನೇಯುತ್ತಿದ್ದೆ, ಅಣ್ಣ ಗಂಗಪ್ಪ ಊರೂರಿಗೆ ಹೋಗಿ ಮಾರುತ್ತಿದ್ದ. ಮೊದಲು ಸೈಕಲ್ ಮೇಲೆ ಹೋಗುತ್ತಿದ್ದ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಗದಗಿನ ಡಾಕ್ಟರೊಬ್ಬರು ಕಾರು ಕೊಂಡು, ತಮ್ಮ ಹಳೆಯ ಲ್ಯಾಂಬ್ರೆಟಾ ಸ್ಕೂಟರನ್ನು ಅವನಿಗೆ ಕೊಟ್ಟರು. ಹೊಸ ಸ್ಕೂಟರಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯುವ ಕಾಲ ಅದು. ಮಗ ಹುಟ್ಟಿದಾಗ ಹೆಸರು ಹಚ್ಚಿದವರು ಅವನನ್ನು ಶಾಲೆಗೆ ಕಳಿಸುವ ಹೊತ್ತಿಗೆ ಗಾಡಿ ಪಡೆಯುತ್ತಿದ್ದರು. ಹಾಗಿರುವಾಗ ನೇಕಾರನ ಮನೆಯ ಮುಂದೆ ಸ್ಕೂಟರು ನಿಂತದ್ದು ಓಣಿಗೇ ಒಂದು ಸುದ್ದಿ.

ಅಣ್ಣ ಧೋತರ ಉಡುವವನು. ಮೋಟರ್ ಸೈಕಲ್ಲಾದರೆ ಕಾಲೆತ್ತಿ ದಾಟಿಸಿ ಕೂರಬೇಕು. ಇದರಲ್ಲಿ ಕುರ್ಚಿಯ ಮೇಲೆ ಕೂತಂತೆ ಕೂತರಾಯಿತು. ಕಾಲಿಡುವ ಹಲಗೆಯ ಮೇಲೆ ಸೀರೆಯ ಗಂಟು ಇಟ್ಟು, ಎರಡೂ ಪಾದಗಳಿಂದ ಅದನ್ನು ಅಮುಕಿ ಹಿಡಿದು, ಒಂದು ದಿನ ಲಕ್ಷ್ಮೇಶ್ವರ, ಒಂದು ದಿನ ಶಿರಹಟ್ಟಿ, ಇನ್ನೊಂದು ದಿನ ಮುಂಡರಗಿ ಎಂದು ಹನ್ನೆರಡು ವರ್ಷಕ್ಕೂ ಮಿಕ್ಕಿ ಓಡಾಡಿದ. ರಿಪೇರಿಯನ್ನು ತಾನೇ ಮಾಡುತ್ತಿದ್ದ. ಬೇರೆಯವರ ಕೈ ತಾಗಿದರೆ ಅವನಿಗೆ ಸಮಾಧಾನವಿಲ್ಲ.

"ಇದು ಹುಟ್ಟಿದ ಊರು ಯಾವುದ ಗೊತ್ತೇನ್ರಿ? ಮಿಲಾನ!" ಎಂದು ಡಾಕ್ಟರಿಂದ ಕೇಳಿ ತಿಳಿದದ್ದನ್ನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಶಿರಹಟ್ಟಿಯ ಮುದುಕಿಯೊಬ್ಬಳು, "ಹುಟ್ಟಿದ ಊರು ಬಿಟ್ಟು ಇಷ್ಟ ದೂರ ಬಂದೈತೆಲ್ಲೋ ಯಪ್ಪಾ, ಅದಕ್ಕ ಹಂಗ ಒದರತೈತಿ" ಎಂದದ್ದನ್ನು ಮನೆಗೆ ಬಂದು ಹೇಳಿ ನಕ್ಕಿದ್ದ.

ಈ ಸ್ಕೂಟರುಗಳಿಗೆ ಪೆಟ್ರೋಲಿನಲ್ಲಿಯೇ ಸ್ವಲ್ಪ ಎಣ್ಣೆ ಬೆರೆಸಬೇಕು. ಬೆರೆಸದಿದ್ದರೆ ಒಳಗಿನ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ತಟ್ಟನೆ ನಿಂತುಬಿಡುತ್ತದೆ. ಆ ಎಣ್ಣೆಯ ಬಾಟಲಿಯನ್ನು ನಾವು ಗೋಡೆಯ ಗೂಡಿನಲ್ಲಿ ಇಡುತ್ತಿದ್ದೆವು. ಪಕ್ಕದಲ್ಲೇ ಮಗ್ಗದ ಎಣ್ಣೆಯ ಬಾಟಲಿ. ಅದು ತೆಳುವಾದದ್ದು, ಅಂಚಿನ ನಕ್ಷೆ ಎತ್ತುವ ಜಕಾರ್ಡಿಗೆ ಹನಿಹನಿಯಾಗಿ ಬಿಡುವಂಥದ್ದು.

ಆ ದಿನ ಅಣ್ಣ ಮುಂಡರಗಿಗೆ ಹೊರಟಿದ್ದ. ತಡವಾಗಿತ್ತು. ಗಂಟು ಕಟ್ಟುತ್ತ ಕೂಗಿದ: "ಈರಣ್ಣಾ, ಪೆಟ್ರೋಲ್ ಸುರುವೀನಿ, ಆಯಿಲ್ ಹಾಕಲೇ. ಜಲ್ದಿ!" ನಾನು ಮಗ್ಗದಿಂದ ಎದ್ದು ಹೋಗಿ ಹಾಕಿದೆ. ಡಂಬಳ ದಾಟಿದ ಮೇಲೆ ಎಂಜಿನ್ ನಿಂತಿತು, ಚಕ್ರ ಜಾಮ್ ಆಯಿತು, ಅಣ್ಣ ರಸ್ತೆಬದಿಯ ಕಲ್ಲಿನ ಮೇಲೆ ಬಿದ್ದ. ಆಸ್ಪತ್ರೆಗೆ ತರುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದು ಮೂರನೆಯ ದಿನ ಗೂಡಿನ ಕಡೆ ನೋಡಿದೆ. ಸ್ಕೂಟರಿನ ಎಣ್ಣೆ ಇದ್ದಷ್ಟೇ ಇತ್ತು. ಇಳಿದದ್ದು ಮಗ್ಗದ ಎಣ್ಣೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಪಂಪ್‌ಸೆಟ್ ರಿಪೇರಿ ಮಾಡುವ ಹುಸೇನಸಾಬ್ ನಮ್ಮ ಓಣಿಯವರು. ಅವರೇ ಎಂಜಿನ್ ಬಿಚ್ಚಿ ಪಿಸ್ಟನ್ ತೆಗೆದುಕೊಟ್ಟರು. "ಆಯಿಲ್ ಕಡಿಮಿ ಬಿದ್ದಂಗ ಕಾಣತೈತಿ" ಎಂದರು. ನನ್ನ ಮುಖ ನೋಡಿ, "ನಾ ಪಂಪ್‌ಸೆಟ್ ಮನಶ್ಯಾ ಬಿಡ್ರಿ. ಖರೆ ತಿಳದವರಿಗೆ ತೋರಸ್ರಿ" ಎಂದೂ ಅಂದರು.

ಎಂಟು ತಿಂಗಳ ಮೇಲೆ, ಮಿಲಾನಿನ ಪ್ರದರ್ಶನವೊಂದರಲ್ಲಿ ಕುಣಿಮಗ್ಗ ನೇಯ್ದು ತೋರಿಸಲು ಸರಕಾರದವರು ನನ್ನ ಹೆಸರು ಆರಿಸಿದರು. ಬೇಡ ಎನ್ನುವವನಿದ್ದೆ. ಅಣ್ಣನ ಹೆಂಡತಿ, ನಮ್ಮ ನೀಲವ್ವ ವೈನಿ, ಪಿಸ್ಟನ್ನನ್ನು ಸೀರೆಯ ತುಂಡಿನಲ್ಲಿ ಸುತ್ತಿ ತಂದು ನನ್ನ ಮುಂದೆ ಇಟ್ಟರು.

"ಅದು ಹುಟ್ಟಿದ ಊರಿಗೇ ಹೊಂಟಿ. ಅಲ್ಲಿಯವರಿಗೆ ಇದನ್ನ ತೋರಿಸಿ ಕೇಳ್ಕೊಂಡು ಬಾ. ಗಾಡಿ ಯಾಕ ನಿಂತಿತು ಅಂತ. ನನಗ ಅಷ್ಟು ತಿಳದ್ರ ಸಾಕು."

ಹೀಗೆ ನನ್ನ ಪ್ರವಾಸ ನಿಶ್ಚಯವಾಯಿತು.

ಮಿಲಾನ್, ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕಿವಿ ಮುಚ್ಚಿಕೊಂಡಿತು, ನಿದ್ದೆ ಬರಲಿಲ್ಲ. ಇಳಿದಾಗ ಕಾಲು ಬಾತಿದ್ದವು.

ಅಲ್ಲಿನ ತಪಾಸಣೆಯವನು ನನ್ನ ಟ್ರಂಕು ತೆಗೆಸಿದ. ಮೊದಲು ಕೈಗೆ ಸಿಕ್ಕದ್ದು ವೈನಿ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿ. ಒಂದನ್ನು ಎತ್ತಿ ಬೆರಳಿನಿಂದ ಬಡಿದು ನೋಡಿದ. ಮುರಿದು ಮೂಸಿದ. ಶೇಂಗಾ ಚಟ್ನಿಯ ಪುಡಿಯನ್ನು ಇನ್ನಿಬ್ಬರಿಗೆ ತೋರಿಸಿದ. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಆಮೇಲೆ ಸೀರೆಯ ಗಂಟು ಅವನ ಕೈಗೆ ಭಾರವಾಗಿ ಬಂತು. ಮುಖ ಬಿಗಿಯಾಯಿತು. ನಮ್ಮ ತಂಡವನ್ನು ಕರೆದೊಯ್ದಿದ್ದ ಸರಕಾರಿ ಸಾಹೇಬರು ಹಿಂದಿನಿಂದ, "ಏನ್ ತಂದೀಯಪ್ಪಾ ಮಾರಾಯಾ? ಎಲ್ಲಾರನ್ನೂ ಒಳಗ ಹಾಕಸ್ತಿ" ಎಂದು ಹಲ್ಲು ಕಡಿದರು.

ಬಟ್ಟೆ ಬಿಚ್ಚಿದ ಅವನು ಪಿಸ್ಟನ್ನನ್ನು ತಿರುಗಿಸಿ ನೋಡಿದ. ಏನೋ ಕೇಳಿದ. ನನಗೆ ಗೊತ್ತಿದ್ದದ್ದು ಒಂದೇ ಶಬ್ದ. "ಲ್ಯಾಂಬ್ರೆಟಾ" ಎಂದೆ.

ಅವನ ಮುಖ ಸಡಿಲಾಯಿತು. "ಲಂಬ್ರೆತ್ತಾ!" ಎಂದು ಕೂಗಿ ಪಕ್ಕದವರನ್ನು ಕರೆದ. ಮೂವರು ಕೂಡಿದರು. ಒಬ್ಬ ಗಾಳಿಯಲ್ಲೇ ಹ್ಯಾಂಡಲ್ ಹಿಡಿದು ತಿರುವಿದ. ಹಿರಿಯನೊಬ್ಬ ತನ್ನ ಎದೆ ತೋರಿಸಿ, ಹಿಂದೆ ಹೆಂಡತಿ, ಮುಂದೆ ನಿಂತ ಮಗು, ಇಷ್ಟು ಮಂದಿ ಒಂದೇ ಗಾಡಿಯ ಮೇಲೆ ಎಂದು ಕೈಸನ್ನೆಯಲ್ಲಿ ಹೇಳಿದ. ನಮ್ಮಲ್ಲೂ ಹಾಗೆಯೇ ಎಂದು ನಾನು ತಲೆಯಾಡಿಸಿದೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ತಪಾಸಣೆಯವನು ಪಿಸ್ಟನ್ನನ್ನು ಮೊದಲಿನಂತೆಯೇ ಸೀರೆಯಲ್ಲಿ ಸುತ್ತಿ, ಎರಡೂ ಕೈಯಿಂದ ಕೊಟ್ಟ. ಮುರಿದ ರೊಟ್ಟಿಯ ಚೂರು ಮಾತ್ರ ಬಾಯಿಗೆ ಹಾಕಿಕೊಂಡ. ಅದು ಅವನಿಗೆ ಹಿಡಿಸಲಿಲ್ಲ ಎಂದು ತೋರುತ್ತದೆ.

ಪ್ರದರ್ಶನ

ಆ ಕಟ್ಟಡದ ನೆಲ ಕಲ್ಲಿನದು. ಕುಣಿ ತೋಡುವಂತಿಲ್ಲ. ಅದಕ್ಕೆ ಅವರು ಎತ್ತರದ ಹಲಗೆಯ ಕಟ್ಟೆ ಮಾಡಿ, ಅದರ ನಡುವೆ ತೂತು ಕೊರೆದಿದ್ದರು. ನಾನು ಮೇಲೆ ಕೂತು ಕಾಲನ್ನು ತೂತಿನಲ್ಲಿ ಇಳಿಬಿಡಬೇಕು. ನಮ್ಮೂರಲ್ಲಿ ನೇಕಾರ ನೆಲದ ಮಟ್ಟಕ್ಕೆ ಕೂರುತ್ತಾನೆ, ಬಂದವರು ಬಗ್ಗಿ ಮಾತಾಡುತ್ತಾರೆ. ಇಲ್ಲಿ ನಾನು ಮೇಲೆ, ಮಂದಿ ಕೆಳಗೆ. ಕೆಲವರು ಕಟ್ಟೆಯ ಕೆಳಗೆ ಬಗ್ಗಿ ನನ್ನ ಪಾದಗಳನ್ನು ನೋಡಿ ಹೋಗುತ್ತಿದ್ದರು. ಇಡೀ ದಿನ ಲಾಳಿ ಎಸೆದು ಸಂಜೆ ಕೋಣೆಗೆ ಬಂದರೆ ಮಾತಾಡಲು ಯಾರೂ ಬೇಡವೆನಿಸುತ್ತಿತ್ತು. ಅಲ್ಲಿನ ಕಾಫಿ ನಮ್ಮಲ್ಲಿ ಕೂಸಿಗೆ ಔಷಧ ಕುಡಿಸುವ ಬಟ್ಟಲಿನಷ್ಟು. ಅದನ್ನೂ ನಿಂತುಕೊಂಡೇ ಕುಡಿಯುತ್ತಾರೆ. ಇಷ್ಟು ಸಿರಿವಂತರು ಕೂತು ಕುಡಿಯಬಾರದೇ ಎನಿಸಿತು.

ಮೂರನೆಯ ದಿನ ಕಟ್ಟೆಯ ಕೆಳಗಿನಿಂದ ಒಂದು ದನಿ ಬಂತು. "ಊಟಾ ಆತೇನ್ರಿ?"

ಲಾಳಿ ಕೈಯಲ್ಲೇ ಉಳಿಯಿತು. ಕೆಳಗೆ ಐವತ್ತರ ಆಸುಪಾಸಿನ ಹೆಂಗಸು, ಗಿಡ್ಡ ಕೂದಲು, ಮೊಣಕಾಲುದ್ದದ ಫ್ರಾಕು. ಖಾನಾಪುರದ ಕಡೆಯವರು, ಹೆಸರು ಫಿಲೋಮಿನಾ. ನರ್ಸ್ ಕೆಲಸಕ್ಕೆ ಬಂದು ಇಪ್ಪತ್ತು ವರ್ಷವಾಯಿತಂತೆ. ನಮ್ಮ ಮಾತು ಇಟಲಿಯವರಿಗೆ ತಿಳಿಸಿ ಹೇಳಲು ಪ್ರದರ್ಶನದವರು ಅವರನ್ನು ಕರೆಸಿದ್ದರು.

"ಎಷ್ಟ ವರ್ಷ ಆತು ಕನ್ನಡ ಮಾತಾಡಿ" ಎಂದು ಅವರು ಕಟ್ಟೆಯ ಅಂಚಿನ ಮೇಲೆ ಕೂತೇ ಬಿಟ್ಟರು. ನಾನು ರೊಟ್ಟಿ ಕೊಟ್ಟೆ. ತಪಾಸಣೆಯವನ ಹಾಗೆ ಮಾಡಲಿಲ್ಲ; ಕಟಕಟ ಕಡಿದು, ಚಟ್ನಿ ಹಚ್ಚಿಕೊಂಡು, ಕಣ್ಣು ಒರೆಸಿಕೊಂಡು ತಿಂದರು. ಖಾರಕ್ಕೆ ಎಂದರು.

ನಾನು ಪಿಸ್ಟನ್ ಬಗ್ಗೆ ಹೇಳಿದೆ. ಎಣ್ಣೆಯ ಬಗ್ಗೆ ಹೇಳಲಿಲ್ಲ.

"ಸೋಮವಾರ ನಿಮಗ ಸೂಟಿ ಐತೆಲ್ಲ? ನಾ ಕರಕೊಂಡ ಹೋಗ್ತೇನಿ. ಅದನ್ನ ಕಟ್ಟಿದ ಕಾರ್ಖಾನಿಯೊಳಗs ಕೆಲಸಾ ಮಾಡಿದ ಒಬ್ಬ ಅಜ್ಜ ಅದಾನ. ಬಾಯಿ ಮಾತ್ರ ಭಾಳ ಕೆಟ್ಟದ್ದು. ಬೈದ್ರ ಬೈಸಿಕೋಬೇಕು."

ಸೋಮವಾರ

ಅವರು ಬಂದದ್ದು ವೆಸ್ಪಾ ಸ್ಕೂಟರಿನ ಮೇಲೆ. ನಾನು ಸಂಕೋಚದಿಂದ ನಿಂತೆ. ಜೀವಮಾನದಲ್ಲಿ ಹೆಣ್ಣುಮಕ್ಕಳ ಹಿಂದೆ ಗಾಡಿಯ ಮೇಲೆ ಕೂತವನಲ್ಲ. ನಮ್ಮ ಕಡೆ ಅವರು ಹಿಂದೆ, ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ನಾನೂ ಹಾಗೇ ಕೂತೆ.

"ಅಯ್ಯ, ಮದುಮಗಳಾ!" ಎಂದು ಅವರು ನಕ್ಕರು. "ಎರಡೂ ಕಡೆ ಕಾಲು ಹಾಕ್ರಿ. ಗಟ್ಟ್ಯಾಗಿ ಹಿಡ್ಕೋರಿ. ಸೀಟನ್ನ, ನನ್ನಲ್ಲ."

ಟ್ರಾಮಿನ ಹಳಿಗಳ ಮೇಲೆ ಗಾಡಿ ಜಾರಿದಾಗ ಸೀಟನ್ನು ಇನ್ನೂ ಬಿಗಿಯಾಗಿ ಹಿಡಿದೆ. ಅಣ್ಣ ಬಿದ್ದಂದಿನಿಂದ ನಾನು ಸ್ಕೂಟರ್ ಹತ್ತಿರಲಿಲ್ಲ. ಕಣ್ಣು ಮುಚ್ಚಿದೆ. ಅವರು ಹಿಂದೆ ತಿರುಗದೆ ಕೂಗಿ ಕೂಗಿ ಹೇಳುತ್ತಲೇ ಇದ್ದರು. ಯುದ್ಧದಲ್ಲಿ ಈ ದೇಶ ಹಾಳಾಗಿ ಹೋಗಿತ್ತಂತೆ. ರಸ್ತೆ ಮುರಿದಿದ್ದವು, ಕಾರು ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ವಿಮಾನ ಕಟ್ಟುತ್ತಿದ್ದವರಿಗೆ ವಿಮಾನ ಕಟ್ಟುವ ಕೆಲಸ ಹೋಯಿತು. ಅವರು ವೆಸ್ಪಾ ಮಾಡಿದರು. ವೆಸ್ಪಾ ಎಂದರೆ ಕಣಜದ ಹುಳ. ಸೊಂಟ ಸಣ್ಣ, ಹಿಂಭಾಗ ದಪ್ಪ, ಗುಂಯ್ ಎಂಬ ಸದ್ದು. ಇಲ್ಲಿ ಮಿಲಾನಿನಲ್ಲಿ ಉಕ್ಕಿನ ಕೊಳವೆ ಮಾಡುತ್ತಿದ್ದವರು ಕೊಳವೆಯ ಮೇಲೆ ಸೀಟು ಕೂರಿಸಿ ಲ್ಯಾಂಬ್ರೆಟಾ ಮಾಡಿದರು. ಊರ ಪಕ್ಕದ ಹೊಳೆಯ ಹೆಸರನ್ನೇ ಅದಕ್ಕೆ ಇಟ್ಟರು.

"ಲಂಗದ ಹೆಂಗಸರು ಹತ್ತಿದ್ರು, ನಿಲುವಂಗಿ ಪಾದ್ರಿಗಳು ಹತ್ತಿದ್ರು. ಕಾಲು ಎತ್ತಿ ದಾಟಸೂದು ಇಲ್ಲಲ್ಲ!" ಎಂದರು ಫಿಲೋಮಿನಾಬಾಯಿ.

ನನಗೆ ಧೋತರದ ಅಣ್ಣ ಕಣ್ಣ ಮುಂದೆ ಬಂದ. ಪಾದ್ರಿಯ ಕಷ್ಟ, ಅಣ್ಣನ ಕಷ್ಟ ಒಂದೇ ಆಗಿತ್ತು.

ಕಾರ್ಖಾನೆ ಇದ್ದ ಬಡಾವಣೆಗೆ ಬಂದೆವು. ಉದ್ದನೆಯ ಗೋಡೆ, ಒಡೆದ ಗಾಜಿನ ಕಿಟಕಿಗಳು, ಒಳಗೆ ಸದ್ದಿಲ್ಲ. ಅಷ್ಟು ದೂರದಿಂದ ಬಂದು ನೋಡಿದ್ದು ಅದನ್ನು. ಮಂದಿ ಕಾರು ಕೊಳ್ಳತೊಡಗಿದರು, ಸ್ಕೂಟರು ಯಾರಿಗೂ ಬೇಡವಾಯಿತು, ಕಾರ್ಖಾನೆ ಮುಚ್ಚಿತು ಎಂದರು. ಎದುರಿನ ಸಂದಿಯಲ್ಲಿ ಅಜ್ಜನ ಅಂಗಡಿ. ಹೆಸರು ಎತ್ತೋರೆ. ತೆಳ್ಳಗಿನ ಮನುಷ್ಯ, ನೀಲಿ ನಿಲುವಂಗಿ, ಉಗುರಲ್ಲಿ ಕಪ್ಪು. ನಾನು ಎಲ್ಲಿಯವನೆಂದು ಕೇಳಿ, ಬೈಯತೊಡಗಿದ.

"ಏನಂತಾರ?"

"ನಮ್ಮ ಮಶೀನೆಲ್ಲಾ ನೀವs ಒಯ್ದೀರಿ ಅಂತಾರ. ಕಾರ್ಖಾನಿ ಮುಚ್ಚಿದಾಗ ಸಾಮಾನೆಲ್ಲಾ ನಿಮ್ಮ ದೇಶಕ್ಕ ಹಡಗಿನ್ಯಾಗ ಹೋತಂತ. ಇವರ ಕೈಯಾರೆ ಕಟ್ಟಿ ಕಳಿಸ್ಯಾರಂತ. ಈಗ ಮುರದದ್ದು ತಗೊಂಡು ಇಲ್ಲಿಗೆ ಯಾಕ ಬಂದಿ, ಅಲ್ಲೇ ಕೇಳು ಅಂತಾರ."

ನಾನು ಅವನ ಹತ್ತಿರ ಹೋದೆ. ಸೀರೆ ಬಿಚ್ಚಿ ಪಿಸ್ಟನ್ನನ್ನು ಅವನ ಮೇಜಿನ ಮೇಲಿಟ್ಟೆ. ಅವನು ಮೊದಲು ನೋಡಿದ್ದು ಸೀರೆಯ ಅಂಚನ್ನು. ಆಮೇಲೆ ಕನ್ನಡಕ ಹಾಕಿಕೊಂಡ. ಬೈಗಳು ನಿಂತಿತು.

ನಾನು ಫಿಲೋಮಿನಾಬಾಯಿಗೆ ಹೇಳಿದೆ. "ಬಾಯಾರ, ಅವರಿಗೆ ಒಂದ ಮಾತು ಕೇಳ್ರಿ. ಆ ದಿನಾ ಪೆಟ್ರೋಲಿಗೆ ಬ್ಯಾರೆ ಎಣ್ಣಿ ಹಾಕಿದ್ದೆ. ಮಗ್ಗದ್ದು. ತೆಳ್ಳಂದು. ಅದರಿಂದs ಹಿಂಗ ಆತೇನು?"

ಅವರು ನನ್ನ ಕಡೆ ತಿರುಗಿದರು. "ಇದನ್ನ ಮನ್ಯಾಗ ಹೇಳೀರೇನು?"

"ಇಲ್ರಿ."

ಅವರು ಅಜ್ಜನಿಗೆ ಹೇಳಿದರು. ಅವನು ಪಿಸ್ಟನ್ನನ್ನು ಬಾಗಿಲ ಬೆಳಕಿಗೆ ಒಯ್ದ. ಹೆಬ್ಬೆರಳಿನಿಂದ ಸುತ್ತಲೂ ಸವರಿದ. ಎಷ್ಟು ಹೊತ್ತು ನೋಡಿದನೋ ನನಗೆ ತಿಳಿಯದು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು.

ಅವನು ನನ್ನನ್ನು ಹತ್ತಿರ ಕರೆದು ಬೆರಳಿಟ್ಟು ತೋರಿಸಿದ. ಎಣ್ಣೆ ಕಡಿಮೆಯಾಗಿ ಕಚ್ಚಿದ್ದರೆ ಹೊಗೆ ಹೋಗುವ ಈ ಮಗ್ಗುಲು ಉಜ್ಜಿ ಹೋಗಿರುತ್ತಿತ್ತು. ಇದು ನುಣ್ಣಗಿದೆ. ತೆಳುವಾದ ಎಣ್ಣೆಯಾದರೂ ಅಷ್ಟು ದೂರಕ್ಕೆ ಸಾಕಾಗಿದೆ. ಆಮೇಲೆ ಇನ್ನೊಂದು ಮಗ್ಗುಲು ತಿರುಗಿಸಿದ. ಅಲ್ಲಿ ನಡುವಿನ ಪಿನ್ನಿನ ತೂತಿನ ನೆಟ್ಟಗೆ ಒಂದು ಆಳವಾದ ಗೀರು, ನೇಗಿಲು ಎಳೆದಂತೆ. ಆ ಪಿನ್ನು ಹೊರಗೆ ಸರಿಯದಂತೆ ಎರಡೂ ತುದಿಗೆ ಉಂಗುರದಂಥ ತಂತಿಯ ಕ್ಲಿಪ್ಪುಗಳಿರುತ್ತವೆ. ಒಂದು ಬದಿಯದು ಎದ್ದು ಬಂದಿದೆ. ಅದೇ ಸಿಕ್ಕಿಕೊಂಡು ಎಂಜಿನ್ನನ್ನು ನಿಲ್ಲಿಸಿದೆ. ಉಳಿದ ಒಂದು ಕ್ಲಿಪ್ಪನ್ನು ಚಿಮಟದಿಂದ ಕಿತ್ತು ನನ್ನ ಅಂಗೈಯಲ್ಲಿಟ್ಟ. ಅದರ ಮೇಲೆ ಇಕ್ಕಳದ ಹಲ್ಲುಗಳ ಗುರುತು ಸ್ಪಷ್ಟವಾಗಿತ್ತು. ಬಾಗಿದ್ದನ್ನು ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿ ಹಾಕಿದ್ದು.

"ಒಮ್ಮೆ ತಗದ ಮ್ಯಾಲೆ ಇದನ್ನ ಒಗೀಬೇಕಂತ. ಹೊಸಾದು ಹಾಕಬೇಕಂತ" ಎಂದರು ಫಿಲೋಮಿನಾಬಾಯಿ. "ಹಳೇದನ್ನ ತಿದ್ದಿ ಹಾಕಿದವ ಯಾರು ಅಂತ ಕೇಳ್ತಾರ."

ನನಗೆ ಗೊತ್ತಿತ್ತು. ನಾವು ಹರಿದದ್ದನ್ನು ಒಗೆಯುವ ಮಂದಿಯಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ದಿನಕ್ಕೆ ಐವತ್ತು ಸಲ ಎಳೆ ಹರಿಯುತ್ತದೆ, ಐವತ್ತು ಸಲ ಬೆರಳಲ್ಲಿ ಹೊಸೆದು ಕೂಡಿಸುತ್ತೇವೆ. ಕೂಡಿಸಿದ ಜಾಗ ಸೀರೆಯಲ್ಲಿ ಕಾಣಬಾರದು. ಅದೇ ನಮ್ಮ ಕಸುಬು. ಅಣ್ಣ ಕಬ್ಬಿಣಕ್ಕೂ ಅದನ್ನೇ ಮಾಡಿದ್ದ. ಸೈಕಲ್ಲಿನ ಕಡ್ಡಿ, ಬ್ರೇಕಿನ ತಂತಿ, ತಿರುಚಿದ ಮೊಳೆ, ಯಾವುದನ್ನೂ ಅವನು ಒಗೆದದ್ದನ್ನು ನಾನು ಕಾಣೆ.

ಅಜ್ಜ ಕಾಯುತ್ತಿದ್ದ.

"ನಾನು" ಎಂದೆ.

ಫಿಲೋಮಿನಾಬಾಯಿ ಅನುಮಾನಿಸಿದರು. "ನೀವ? ರಿಪೇರಿ ನಿಮ್ಮಣ್ಣ ಮಾಡತಿದ್ರು ಅಂದಿದ್ರಿ?"

"ನಾನs ಅಂತ ಹೇಳ್ರಿ, ಬಾಯಾರ."

ಅವರು ಹೇಳಿದರು. ಅಜ್ಜ ಮೇಜು ಗುದ್ದಿ ಬೈಯತೊಡಗಿದ. ಮೊದಲಿನ ಬೈಗಳಲ್ಲಿ ಒಂದು ಬಗೆಯ ಆಟವಿತ್ತು, ಇದರಲ್ಲಿ ಇರಲಿಲ್ಲ. ಫಿಲೋಮಿನಾಬಾಯಿ, "ಸಿಟ್ಟಾಗ್ಯಾರ, ಅಷ್ಟs" ಎಂದರು.

"ಪೂರಾ ಹೇಳ್ರಿ."

"ನೀ ಒಂದು ಕತ್ತೆ ಅಂತಾರ. ಕಡ್ಡಿಯಷ್ಟು ತಂತಿಗೆ ಜೀವಾ ಕೊಟ್ಟಿ ಅಂತಾರ. ನಿನ್ನಂಥವನ ಕೈಯಾಗ ಮಶೀನ್ ಕೊಡಬಾರದಿತ್ತು ಅಂತಾರ. ಸಾಕಲ್ರಿ?"

ನಾನು ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿದೆ. ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಮನುಷ್ಯನ ಬಾಯಿಂದ ಅಣ್ಣನಿಗೆ ಆ ಮಾತುಗಳು ಬೀಳುವುದು ನನಗೆ ಬೇಡವಾಗಿತ್ತು. ನನಗೆ ಅವು ಭಾರವೆನಿಸಲಿಲ್ಲ. ಎಂಟು ತಿಂಗಳು ಅದಕ್ಕಿಂತ ಕೆಟ್ಟದ್ದನ್ನು ನನಗೆ ನಾನೇ ಅಂದುಕೊಂಡಿದ್ದೆ.

ಕೊನೆಗೆ ಅಜ್ಜ ದಣಿದು ಸ್ಟೂಲಿನ ಮೇಲೆ ಕೂತ. ಹಣೆ ಒರೆಸಿಕೊಂಡ. ಆ ಸಣ್ಣ ಬಟ್ಟಲಿನಲ್ಲಿ ಕಾಫಿ ತರಿಸಿದ, ನನಗೂ ಒಂದು. ಮೂವರೂ ಕುಡಿದೆವು. ಹೊರಡುವಾಗ ಅವನು ಸೀರೆಯ ಅಂಚನ್ನು ಇನ್ನೊಮ್ಮೆ ಹಿಡಿದು ನೋಡಿ ಏನೋ ಅಂದ.

"ಇದನ್ನ ನೇಯ್ದವನಿಗೆ ಇಷ್ಟು ಚೊಲೋ ಕೈ ಅದಾವ, ಮತ್ತ ಹಿಂಗ್ಯಾಕ ಮಾಡಿದಾ ಅಂತ ಕೇಳ್ತಾರ" ಎಂದರು ಫಿಲೋಮಿನಾಬಾಯಿ. ನಾನು ಪಿಸ್ಟನ್ನನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಂಡೆ.

ಮರಳಿ ಮನೆಗೆ

ಉಳಿದ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ನೇಯ್ದೆ, ಉಂಡೆ, ಮಲಗಿದೆ. ತಪ್ಪು ನನ್ನದಲ್ಲ ಎಂದು ತಿಳಿದ ಮೇಲೆ ಹಗುರಾಗಬೇಕಿತ್ತು. ಆಗಲಿಲ್ಲ. ಹೊರುತ್ತಿದ್ದ ಗಂಟನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದಂತಾಯಿತು. ವೈನಿಗೆ ಏನು ಹೇಳುವುದು? ವಿಮಾನದಲ್ಲಿ ಒಂದು ಮಾತು ಹೊಂದಿಸಿಕೊಂಡೆ: ಕಬ್ಬಿಣ ಹಳೆಯದಾಗಿತ್ತು, ಅದರ ಆಯುಷ್ಯ ಮುಗಿದಿತ್ತು.

ಮುಂಬೈಯಿಂದ ರೈಲು, ಹುಬ್ಬಳ್ಳಿಯಿಂದ ಬಸ್ಸು. ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ವೈನಿ ಕಾಲಿಗೆ ನೀರು ಕೊಟ್ಟರು. ಉಣ್ಣುವ ತನಕ ಕೇಳಲಿಲ್ಲ. ತಾಟು ತೆಗೆದ ಮೇಲೆ ಮಗ್ಗದ ಪಕ್ಕ ಕೂತು, "ಏನಂದ್ರು?" ಎಂದರು.

ಮೊದಲು ಎಣ್ಣೆಯ ಮಾತು ಹೇಳಿದೆ. ಬಾಟಲಿ ಅದಲುಬದಲಾದದ್ದು, ಎಂಟು ತಿಂಗಳು ಮುಚ್ಚಿಟ್ಟದ್ದು.

ವೈನಿ ಗೂಡಿನ ಕಡೆ ನೋಡಿದರು. "ಅದಕ್ಕs ನೀ ನನ್ನ ಮಾರಿ ನೋಡತಿದ್ದಿಲ್ಲ" ಎಂದರು. ಆಮೇಲೆ ಕೇಳಿದರು, "ಅದರಿಂದs ನಿಂತಿತಂತೇನು?"

"ಅಲ್ಲಂತ. ಒಳಗಿನ ಒಂದು ಕ್ಲಿಪ್ ಎದ್ದು ಬಂದಿತ್ತಂತ. ಹಳೇದಿತ್ತು. ಕಬ್ಬಿಣಕ್ಕೂ ಒಂದು ಆಯುಷ್ಯಾ ಇರತೈತೆಲ್ಲ ವೈನಿ."

"ಯಾವ ಕ್ಲಿಪ್? ಉಂಗುರದಂಥಾದ್ದು?"

ನಾನು ತಲೆಯೆತ್ತಿದೆ.

"ಅದನ್ನ ಹಾಕಬೇಕಾದ್ರ ಬ್ಯಾಟರಿ ಹಿಡದಾಕಿ ನಾನs. ಮುಂಡರಗಿಗೆ ಹೋಗೂ ಹಿಂದಿನ ದಿನಾ ಸಂಜಿಯಾಗಿತ್ತು. ಇಕ್ಕಳದಿಂದ ಬಗ್ಗಸತಿದ್ರು. ಎರಡ ಸಲ ಕೈ ಜಾರಿ ಹಾರಿ ಹೋತು, ನಾನs ಹುಡುಕಿ ಕೊಟ್ಟೆ. ಹುಬ್ಬಳ್ಳಿಗೆ ಹೋಗಿ ಹೊಸಾದು ತರ್ರಿ ಅಂದ್ನಿ. ಎಳಿ ಕೂಡಸೂ ಮಂದಿ ನಾವು, ಇದೇನ ದೊಡ್ಡದs ಅಂದ್ರು."

ಅವರು ಎದ್ದು ನಿಂತರು. ನಾನು ಅಳುತ್ತಾರೆ ಎಂದುಕೊಂಡೆ. ಅವರು ಸೆರಗನ್ನು ಸೊಂಟಕ್ಕೆ ಸಿಗಿಸಿ, ಬೀದಿ ಬಾಗಿಲಿನ ಕಡೆ ತಿರುಗಿದರು.

"ಏನ್ ಆಗಿತ್ತರಿ ನಿಮಗ, ಹುಬ್ಬಳ್ಳಿಗೆ ಹೋಗಾಕ? ಒಂದ ದಿನಾ ಹೋಗತಿತ್ತು. ಒಂದs ದಿನಾ! ಮುಂಡರಗಿ ಮಂದಿ ಒಂದ ದಿನಾ ಸೀರಿ ಇಲ್ದನ ಸತ್ತಹೋಗತಿದ್ರೇನು? ನಾ ಹೇಳಿದ್ದು ಯಾವಾಗರ ಕೇಳೀರೇನು? ಈ ಹುಡುಗ ನೋಡ್ರಿ, ತಾನs ಕೊಂದೀನಿ ಅಂತ ಎಂಟ ತಿಂಗಳು ಬಾಯಿ ಹೊಲಕೊಂಡು ಕೂತಿದ್ದ. ನೋಡ್ರಿ ಇವನ ಮಾರಿ!"

ಪಕ್ಕದ ಮನೆಯ ಮಗ್ಗದ ಸದ್ದು ನಿಂತಿತು. ಯಾರೋ ಹೊರಗೆ ಬಂದು ನಮ್ಮ ಕಡೆ ಇಣುಕಿದರು. ವೈನಿ ಅದನ್ನು ಲಕ್ಷಿಸಲಿಲ್ಲ. ಬೈಯುತ್ತಲೇ ಇದ್ದರು, ಅಣ್ಣ ಈಗಷ್ಟೇ ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾನೆ ಎನ್ನುವಷ್ಟು ಗಟ್ಟಿಯಾಗಿ.